ಯಲಗೂರಪ್ಪನ ಕಡೆಯ ರಾಶಿ

ವಿಜಾಪುರದಲ್ಲಿ ಆಗ ಕಂಪ್ಯೂಟರನ್ನು ಕಣ್ಣಾರೆ ಕಂಡವರು ಯಾರೂ ಇರಲಿಲ್ಲ. ಆದರೆ ಅದನ್ನು ಬಲ್ಲವನು ಒಬ್ಬನಿದ್ದಾನೆ, ಆ ಒಬ್ಬ ತಾನೇ ಎಂದು ಗಣಿತದ ಲೆಕ್ಚರರ್ ಬಸಲಿಂಗಯ್ಯ ನಂಬಿದ್ದ. ಸೊಲ್ಲಾಪುರದ ಹಳೇ ಪುಸ್ತಕದಂಗಡಿಯಲ್ಲಿ ಸಿಕ್ಕ ಫೋರ್ಟ್ರಾನ್ ಪುಸ್ತಕವನ್ನು ರಟ್ಟು ಕಿತ್ತುಬರುವ ತನಕ ಓದಿದ್ದ. ಯಂತ್ರಕ್ಕೆ ಅಪ್ಪಣೆ ಕೊಡುವ ಭಾಷೆ ಅದು. ಹೆಂಡತಿ ಮುರಿಗೆವ್ವ ರೊಟ್ಟಿ ಬಡಿಯುವ ಹೊತ್ತಿಗೆ ಅಡಿಗೆಮನೆಯ ಗೋಡೆಗೆ ಒರಗಿ ಕೂತು ಆ ಭಾಷೆಯಲ್ಲಿ ಗಟ್ಟಿಯಾಗಿ ಅಪ್ಪಣೆ ಕೊಡುತ್ತಿದ್ದ. ಅಲ್ಲಿ ಯಂತ್ರವಿರಲಿಲ್ಲ, ಇದ್ದ ಹೆಂಡತಿ ಅಪ್ಪಣೆ ಕೇಳುವವಳಲ್ಲ. ಹೀಗಾಗಿ ಅವನ ವಿದ್ಯೆ ಇಷ್ಟು ವರ್ಷ ಯಾರಿಗೂ ಉಪಯೋಗಕ್ಕೆ ಬಾರದೆ ಉಳಿದಿತ್ತು.

ಎಪ್ಪತ್ತಾರನೆಯ ಇಸವಿಯ ಮಳೆಗಾಲದ ಮೊದಲಿಗೆ ಕಾಲೇಜಿಗೆ ಸುದ್ದಿ ಬಂತು. ಮುಂಬಯಿಯಲ್ಲಿ ಸರಕಾರದ ದೊಡ್ಡ ಕಂಪ್ಯೂಟರೊಂದು ಇದೆ, ಅದರ ತಾಸುಗಳನ್ನು ಇನ್ನು ಮೇಲೆ ದೂರದ ಜಿಲ್ಲೆಗಳ ಸಂಶೋಧಕರಿಗೂ ಹಂಚುತ್ತಾರೆ, ಜಿಲ್ಲೆಗೊಬ್ಬರಿಗೆ ಮಾತ್ರ. ಇಲ್ಲಿಂದ ಅಂಕಿ ಕಳಿಸಿದರೆ ಅಲ್ಲಿಯವರು ರಟ್ಟಿನ ಕಾರ್ಡುಗಳಿಗೆ ತೂತು ಹೊಡೆದು ಯಂತ್ರಕ್ಕೆ ಉಣಿಸುತ್ತಾರೆ, ಉತ್ತರ ಅಂಚೆಯಲ್ಲಿ ಬರುತ್ತದೆ. ಆಯ್ಕೆಯಾದವನನ್ನು ಮೊದಲ ಸಲ ಮುಂಬಯಿಗೇ ಕರೆಸಿಕೊಂಡು ಯಂತ್ರದ ಕೋಣೆಯಲ್ಲಿ ಕೂಡಿಸುತ್ತಾರೆ. ಬಸಲಿಂಗಯ್ಯನ ಎದೆ ಬಡಿದುಕೊಂಡದ್ದು ಈ ಕಡೆಯ ಮಾತಿಗೆ. ಬಡ್ತಿ, ಹೆಸರು, ಪೇಪರಿನಲ್ಲಿ ಫೋಟೋ ಎಲ್ಲ ಬಂದರೆ ಬರಲಿ, ಬಿಟ್ಟರೆ ಬಿಡಲಿ. ಅದರ ಮುಂದೆ ಒಂದು ಸಲ ನಿಂತು, ಅದರ ಭಾಷೆಯಲ್ಲಿ ಅದರ ಜೊತೆ ಒಂದು ಮಾತು ಆಡದಿದ್ದರೆ ಹುಟ್ಟಿದ್ದೇ ದಂಡ ಅಂತ ಅವನಿಗೆ ನಿಜವಾಗಿಯೂ ಅನಿಸುತ್ತಿತ್ತು.

ಆದರೆ ಪ್ರಿನ್ಸಿಪಾಲ್ ಈರಯ್ಯನವರು ಅಮೋಘಿಯ ಹೆಸರು ಬರೆದು ಕೂತಿದ್ದರು. ಅಮೋಘಿ ಸಸ್ಯಶಾಸ್ತ್ರದ ಲೆಕ್ಚರರ್, ತೊರವಿಯ ಕುರಿ ಸಾಕುವ ಮನೆತನದವನು. ಮೂರು ಸುಗ್ಗಿಯಿಂದ ಸೈಕಲ್ ತುಳಿದುಕೊಂಡು ಬಬಲೇಶ್ವರದ ಕಣ ಕಣಕ್ಕೆ ಹೋಗಿ ಯಾವ ಹೊಲದಲ್ಲಿ ಯಾವ ತಳಿಯ ಜೋಳ ಎಷ್ಟು ಬಂತು ಎಂದು ರಾಶಿ ಅಳೆಸಿಕೊಂಡು ಬರುತ್ತಿದ್ದ. ಅವನ ತಲೆಗೂದಲು ಬಿಸಿಲಿಗೆ ಕೆಂಚಗಾಗಿತ್ತು. ಫೋರ್ಟ್ರಾನ್ ಅಂದರೆ ಗೊಬ್ಬರದ ಹೆಸರೋ ಔಷಧದ ಹೆಸರೋ ಅವನಿಗೆ ಗೊತ್ತಿರಲಿಲ್ಲ.

"ಮಿಷನ್ ನಿಮಗ ಗೊತ್ತೈತಿ, ಖರೆ" ಎಂದರು ಈರಯ್ಯನವರು. "ಆದ್ರ ಅದಕ್ಕ ಉಣಸಾಕ ನಿಮ್ಮ ಕಡೆ ಏನೈತಿ ಬಸಲಿಂಗಯ್ಯ? ಕಣದಾಗ ಅಳದ ಅಂಕಿ ಬೇಕಂತ ಅವರಿಗೆ."

"ಐತ್ರಿ" ಎಂದುಬಿಟ್ಟ ಬಸಲಿಂಗಯ್ಯ. "ಹ್ವಾದ ಸುಗ್ಯಾಗ ಟಿಕೋಟ ಕಡೆ ಅಳೆಸೀನ್ರಿ. ಯಾರಿಗೂ ಹೇಳಿರಲಿಲ್ಲ, ಅಷ್ಟ."

ಯಾರಿಗೂ ಹೇಳಿರಲಿಲ್ಲ ಎಂಬುದು ನಿಜ, ತನಗೆ ತಾನೂ ಹೇಳಿಕೊಂಡಿರಲಿಲ್ಲ. ಸುಳ್ಳು ಬಾಯಿಂದ ಹೊರಬಿದ್ದ ಮೇಲೆ ಅದಕ್ಕೊಂದು ಮನೆ ಕಟ್ಟಿಕೊಡುವುದು ಅವನ ಪಾಲಿಗೆ ಬಂತು. ಈರಯ್ಯನವರು ಎರಡನೆಯ ಹೆಸರೂ ಬರೆದುಕೊಂಡರು. ಶ್ರಾವಣದಲ್ಲಿ ಮುಂಬಯಿಯಿಂದ ಆಯ್ಕೆ ಸಮಿತಿ ಬಂದು ಇಬ್ಬರನ್ನೂ ನೋಡಿ ಒಬ್ಬನನ್ನು ಆರಿಸುವುದೆಂದು ತೀರ್ಮಾನವಾಯಿತು.

ಅಂಕಿ ಹುಟ್ಟಿಸುವುದು ಅವನಿಗೆ ಎಡಗೈ ಕೆಲಸ. ದಡ್ಡ ಕಳ್ಳ ಮನೆಯಲ್ಲಿ ಕೂತು ಮನಸ್ಸಿಗೆ ತೋಚಿದ ಅಂಕಿ ಬರೆಯುತ್ತಾನೆ, ಸಿಕ್ಕಿಬೀಳುತ್ತಾನೆ, ಯಾಕೆಂದರೆ ಮನುಷ್ಯನ ಮನಸ್ಸಿಗೆ ತೋಚುವ ಅಂಕಿಗಳೆಲ್ಲ ಒಂದೇ ಬಸಿರಿನವು. ಬಸಲಿಂಗಯ್ಯ ಹಾಗೆ ಮಾಡಲಿಲ್ಲ. ಕಾಲೇಜಿನ ಹುಡುಗರು ಎಸೆದ ಬಸ್ ಟಿಕೆಟ್ಟುಗಳನ್ನು ಆರಿಸಿ ತಂದು, ಅವುಗಳ ಕೊನೆಯ ಅಂಕಿ ನೋಡಿ, ಲಾಗ್ ಟೇಬಲ್ಲಿನ ಸಹಾಯದಿಂದ ಒಂದೊಂದು ಹೊಲಕ್ಕೂ ಬೆಳೆ ಹಂಚಿದ. ಮಳೆ ಎಲ್ಲರಿಗೂ ಒಂದೇ ಬಿದ್ದರೂ ಬೆಳೆ ಒಂದೇ ಬರುವುದಿಲ್ಲ ಎಂಬುದು ಲೆಕ್ಕದಲ್ಲಿ ಚೆಂದಾಗಿ ಇಳಿಯಿತು. ಆಮೇಲೆ, ಬಲು ಶುಚಿಯಾಗಿದೆ ಎಂದು ಅನುಮಾನ ಬರಬಾರದಲ್ಲ, ಅಲ್ಲಲ್ಲಿ ಕೊಳೆ ಹಚ್ಚಿದ. ಒಂದು ಹೊಲವನ್ನು ಆಡು ಮೇಯ್ದಿತ್ತು. ಇನ್ನೊಂದರಲ್ಲಿ ಅಣ್ಣತಮ್ಮಂದಿರು ಬಡಿದಾಡಿಕೊಂಡು ರಾಶಿ ಅರ್ಧಕ್ಕೆ ನಿಂತಿತ್ತು. ಆ ಇಲ್ಲದ ಅಣ್ಣತಮ್ಮಂದಿರ ಮೇಲೆ ಅವನಿಗೆ ಸ್ವಲ್ಪ ಸಿಟ್ಟೂ ಬಂತು.

ತೊಡಕು ಇದ್ದದ್ದು ಸಾಕ್ಷಿಯಲ್ಲಿ. ಹಿಂದಿನ ವರ್ಷ ಬೇರೆ ಜಿಲ್ಲೆಯ ಯಾರೋ ಮಹಾಶಯ ಹಾಸಿಗೆಯ ಮೇಲೆ ಕೂತೇ ಹತ್ತಿ ಬೆಳೆದುಬಿಟ್ಟಿದ್ದನಂತೆ. ಅಂದಿನಿಂದ ಸಮಿತಿಯವರು, ಅಳೆದದ್ದಕ್ಕೆ ಏನಾದರೂ ಕುರುಹು ತೋರಿಸಿ ಅನ್ನುತ್ತಿದ್ದರು. ಅಮೋಘಿಗೇನು, ಬಬಲೇಶ್ವರದ ಅರ್ಧ ಊರನ್ನೇ ಎದ್ದು ನಿಲ್ಲಿಸುತ್ತಾನೆ. ಬಸಲಿಂಗಯ್ಯನಿಗೆ ಒಬ್ಬ ರೈತನನ್ನು ಒಪ್ಪಿಸುವುದು ಕಷ್ಟವಿರಲಿಲ್ಲ, ಆದರೆ ಬಾಯಿದ್ದ ಸಾಕ್ಷಿಯನ್ನು ನಂಬುವಂತಿಲ್ಲ. ಇವತ್ತು ಚಹಾ ಕುಡಿದು ಹೂಂ ಅಂದವನು ನಾಳೆ ಇನ್ನೊಬ್ಬನ ಚಹಾ ಕುಡಿದು ಉಹೂಂ ಅನ್ನುತ್ತಾನೆ. ಇಬ್ಬರಿಗೆ ಗೊತ್ತಾದದ್ದು ಗುಟ್ಟಲ್ಲ, ಸಂತೆ. ಸತ್ತವನಾದರೆ ಒಳ್ಳೆಯದು ಎಂದು ಅವನಿಗೆ ಹೊಳೆದದ್ದು ಸ್ನಾನ ಮಾಡುವಾಗ.

ಮರುದಿನವೇ ಬಸ್ ಹತ್ತಿ ಟಿಕೋಟಕ್ಕೆ ಹೋದ. ಬಸ್ ನಿಲ್ದಾಣದ ಎದುರು ಶಂಕರೆಪ್ಪನ ಚಹಾದಂಗಡಿ. ಶಂಕರೆಪ್ಪನಿಗೆ ಊರಿನ ಬದುಕಿದವರ ಸುದ್ದಿಗಿಂತ ಸತ್ತವರ ಸುದ್ದಿ ಇಷ್ಟ, ಅವರು ಎದುರಾಡುವುದಿಲ್ಲವಲ್ಲ. ಒಂದು ಕಪ್ ಮುಗಿಯುವುದರೊಳಗೆ ಬಸಲಿಂಗಯ್ಯನಿಗೆ ಬೇಕಾದವನು ಸಿಕ್ಕ: ಯಲಗೂರಪ್ಪ. ಊರ ಹೊರಗೆ ಹೊಲದಲ್ಲೇ ಗುಡಿಸಲು ಹಾಕಿಕೊಂಡು ಇದ್ದವನು. ಹೆಂಡತಿ ಇಲ್ಲ, ಮಕ್ಕಳಿಲ್ಲ, ಊರವರ ಜೊತೆ ಮಾತಿಲ್ಲ. ಸುಗ್ಗಿ ಮುಗಿಸಿ ಬೇಸಿಗೆಯಲ್ಲಿ ಕೆಮ್ಮಿ ಕೆಮ್ಮಿ ಸತ್ತಿದ್ದ.

"ಪಾಪ" ಎಂದ ಬಸಲಿಂಗಯ್ಯ. ಇಷ್ಟು ಅನುಕೂಲವಾದ ಮನುಷ್ಯ ಬದುಕಿದ್ದಾಗ ತನಗೆ ಯಾಕೆ ಪರಿಚಯವಾಗಲಿಲ್ಲ ಅನಿಸಿತು. ಆಮೇಲೆ ಮೆಲ್ಲಗೆ ಕೇಳಿದ, "ಕಣದಾಗ ರಾಶಿ ಮಾಡೂದು ಹ್ಯಾಂಗ್ರಿ ಶಂಕರೆಪ್ಪ? ಪುಸ್ತಕ ಬರಿಯಾಕತ್ತೇನಿ. ಅದರ ಲೆಕ್ಕಾ ಎಲ್ಲಾ ಒಂದು ಮಿಷನ್ ಮಾಡತೈತಿ."

ಶಂಕರೆಪ್ಪ ಕೆಟಲಿ ಕೆಳಗಿಟ್ಟು ಹೇಳತೊಡಗಿದ. ಕಣಕ್ಕೆ ಸಗಣಿ ಸಾರಿಸುವುದು, ಕಾಲಲ್ಲಿ ಮೆಟ್ಟು ಹಾಕದೆ ಹೋಗುವುದು, ಗಾಳಿ ಬಂದಾಗ ತೂರುವುದು, ರಾಶಿಗೆ ಪೂಜೆ ಮಾಡುವುದು, ಅಳೆಯುವಾಗ ಎಣಿಕೆ ಬಿಟ್ಟು ಬೇರೆ ಮಾತಾಡಬಾರದೆಂಬುದು, ಸೀಮೆಎಣ್ಣೆಯ ಹಳೇ ಡಬ್ಬಿಯಲ್ಲಿ ತುಂಬಿ ತುಂಬಿ ಚೀಲಕ್ಕೆ ಸುರಿಯುವುದು. ಬಸಲಿಂಗಯ್ಯ ಒಂದನ್ನೂ ಬಿಡದೆ ಮನಸ್ಸಿಗೆ ಹಚ್ಚಿಕೊಂಡ. ಮಾವನ ಮನೆ ಬಬಲೇಶ್ವರದಲ್ಲಿ ಹೊಲ ಇದ್ದವರದೇ, ಆದರೆ ಹೊಟ್ಟಿನ ಧೂಳು ಮೂಗಿಗೆ ಹೋದರೆ ಅವನಿಗೆ ಸೀನು ನಿಲ್ಲುತ್ತಿರಲಿಲ್ಲ. ಮದುವೆಯಾದ ವರ್ಷ ಕಣದ ಅಂಚಿನ ತನಕ ಹೋಗಿ ಸೀನಿದ ರಭಸಕ್ಕೆ ಹಿಂದಿರುಗಿದವನು ಮತ್ತೆ ಆ ಕಡೆ ಸುಳಿದಿರಲಿಲ್ಲ.

"ಆ ಮಿಷನ್ ಎಲ್ಲಿರತೈತ್ರಿ ಸರ?" ಶಂಕರೆಪ್ಪ ಕೇಳಿದ.

"ಮುಂಬಯ್ಯಾಗ."

"ಮತ್ತ ನೀವು ವಿಜಾಪುರದಾಗ ಇದ್ದು ಅದಕ್ಕ ಕೆಲಸ ಹೇಳಾವ್ರು?"

"ಹೂಂ. ಎಲ್ಲಿದ್ರೇನು, ಕೇಳಿದ್ದಕ್ಕ ಉತ್ತರ ಬರತೈತಿ."

"ಹಂಗಾರ ದೇವರಿದ್ದಂಗ ಆತ್ರಿ. ಮುಗಿಲಾಗ ಇರತಾನ, ಇಲ್ಲಿಂದ ಬೇಡ್ಕೋಬೇಕು. ಉತ್ತರ ಯಾವಾಗರ ಬರವಲ್ದ್ಯಾಕ."

ಮುಗಿಲಲ್ಲಿರುವ ಯಂತ್ರ ಎಂಬ ಮಾತು ಕೇಳಿ ಬಸಲಿಂಗಯ್ಯ ನಕ್ಕುಬಿಟ್ಟ. ಹಳ್ಳಿಯ ಜನ ಏನೇನು ಕಲ್ಪನೆ ಮಾಡಿಕೊಳ್ಳುತ್ತಾರೆ ಅಂದುಕೊಳ್ಳುತ್ತ ಬಸ್ ಹತ್ತಿದ.

ಯೋಜನೆ ಈಗ ಪೂರಾ ಆಗಿತ್ತು. ಕಾಲೇಜಿನ ಕನ್ನಡ ವಿಭಾಗದಲ್ಲಿ ಜಾನಪದ ಹಾಡು ಹಿಡಿಯಲು ತರಿಸಿದ ಟೇಪ್ ರೆಕಾರ್ಡರ್ ಇತ್ತು. ಸುಗ್ಗಿಯಲ್ಲಿ ತಾನು ಅದನ್ನು ಯಲಗೂರಪ್ಪನ ಕಣಕ್ಕೆ ಒಯ್ದಿದ್ದೆ, ಅವನು ರಾಶಿ ಅಳೆಯುವ ಸದ್ದನ್ನು ಪೂರ್ತಿ ಹಿಡಿದೆ ಎಂದು ಸಮಿತಿಗೆ ಹೇಳುವುದು. ಯಲಗೂರಪ್ಪನ ದನಿ ತನ್ನದೇ. ಓದುವ ಕಾಲಕ್ಕೆ ಕಾಲೇಜಿನ ವರ್ಷದ ಗ್ಯಾದರಿಂಗಿನ ನಾಟಕದಲ್ಲಿ ಮುದುಕನ ಪಾತ್ರ ಮಾಡಿ ಗಡಿಯಾರ ಬಹುಮಾನ ತಂದವನು ಅವನು. ಯಂತ್ರದ ಸಾಕ್ಷಿ ಚಹಾ ಕೇಳುವುದಿಲ್ಲ, ಎದುರು ಪ್ರಶ್ನೆಗೆ ತಡವರಿಸುವುದಿಲ್ಲ, ಎಷ್ಟು ಸಲ ಕೇಳಿದರೂ ಹೇಳಿದ್ದನ್ನೇ ಹೇಳುತ್ತದೆ. ಅಮೋಘಿ ಅರ್ಧ ಊರನ್ನೇ ತರಲಿ, ತಾನೊಂದು ಪೆಟ್ಟಿಗೆ ತಂದರೆ ಸಾಕು.

ಇಷ್ಟರಲ್ಲಿ ಒಂದು ಚಿಕ್ಕ ಅಡಚಣೆಯೂ ಬಂತು. ಸ್ಟೇಷನ್ ರಸ್ತೆಯಲ್ಲಿ ಅಮೋಘಿ ಸೈಕಲ್ಲಿನಿಂದ ಇಳಿದು ಅವನ ಜೊತೆ ನಡೆದ.

"ಒಂದ ಮಾತ ಹೇಳ್ಲೇನ್ರಿ ಸರ" ಎಂದ. "ನನ್ನ ಕಡೆ ಅಂಕಿ ಅದಾವು, ಮಿಷನ್ ಭಾಷಾ ಬರೂದಿಲ್ಲ. ನಿಮಗ ಭಾಷಾ ಬರತೈತಿ. ಇಬ್ಬರೂ ಕೂಡೇ ಕೇಳೂಣ್ರಿ. ಮೊದಲ ಸಲ ಮುಂಬಯಿಗೆ ನೀವ ಹೋಗ್ರಿ ಬೇಕಾರ. ನನಗ ಜ್ವಾಳದ್ದು ತಿಳದ್ರ ಸಾಕು. ಮೂರು ವರ್ಷ ಅಡ್ಡಾಡೀನಿ, ಯಾವ ಬೀಜ ಈ ಮಣ್ಣಿಗೆ ಕೂಡತೈತಿ ಅನ್ನೂದು ಗೊತ್ತಾಗ್ಲಿಲ್ಲಂದ್ರ ಆ ಮಂದಿಗೆ ಏನ್ ಹೇಳ್ಲಿ?"

ಬಸಲಿಂಗಯ್ಯ ಅವನ ಮುಖ ನೋಡಿದ. ಅಲ್ಲಿ ಮೋಸ ಕಾಣಲಿಲ್ಲ, ಅದಕ್ಕೇ ಅನುಮಾನ ಗಟ್ಟಿಯಾಯಿತು. ಇಷ್ಟು ಸಾದಾ ಮುಖ ಇಟ್ಟುಕೊಂಡವನು ಎಷ್ಟು ಆಳದವನಿರಬೇಕು. ಯಂತ್ರದ ಕೋಣೆಗೆ ತನ್ನನ್ನು ಗುಮಾಸ್ತನ ಹಾಗೆ ಕಳಿಸಿ ಹೆಸರು ಅಮೋಘಿ ಹೊಡೆದುಕೊಳ್ಳುವ ಉಪಾಯ ಇದು. "ವಿಚಾರ ಮಾಡ್ತೀನಿ" ಎಂದು ಹೇಳಿ, ಮಾಡದೆ ಬಿಟ್ಟ. ನಿಜ ಹೇಳಬೇಕೆಂದರೆ, ಬೇಕಾದದ್ದೆಲ್ಲ ಅವತ್ತು ಸ್ಟೇಷನ್ ರಸ್ತೆಯಲ್ಲೇ ಸಿಕ್ಕಿತ್ತು. ಸುಮ್ಮನೆ ಸಿಕ್ಕದ್ದನ್ನು ತೆಗೆದುಕೊಳ್ಳುವುದು ಜಾಣರಿಗೆ ಒಗ್ಗುವುದಿಲ್ಲ.

ಮನೆಯಲ್ಲಿ ರೆಕಾರ್ಡಿಂಗ್ ನಡೆಯಬೇಕಾದರೆ ಮುರಿಗೆವ್ವ ಇರಬಾರದು. ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗುವುದು ಇದ್ದದ್ದೇ, ಸ್ವಲ್ಪ ಮುಂಚೆ ಕಳಿಸಿದರಾಯಿತು.

"ಪಂಚಮಿ ಇನ್ನೂ ಎಲ್ಲೈತಿ" ಎಂದಳು ಮುರಿಗೆವ್ವ. "ಪ್ರತಿವರ್ಷ ನಾ ಅತ್ತು ಕರದು ಹೋಗ್ಬೇಕು, ಈ ವರ್ಷ ನೀವ ಗಂಟು ಕಟ್ಟಾಕತ್ತೀರಿ. ಏನ್ ನಡಿಸೀರಿ?"

"ನಿಮ್ಮವ್ವ ಸೊರಗ್ಯಾಳಂತ ಕೇಳೀನಿ."

"ನಮ್ಮವ್ವ ಸೊರಗೂದು ನಿಮಗ ಯಾವಾಗಿಂದ ತಿಳಿಯಾಕತ್ತೇತಿ?" ಎಂದಳು, ಆದರೂ ಹೋದಳು. ಉಂಡಿ ಮಾಡಲು ಮನೆಯ ಬೆಲ್ಲವನ್ನೂ ಒಯ್ದಳು.

ಅಥಣಿ ರಸ್ತೆಯ ಅವನ ಬಾಡಿಗೆ ಮನೆಯ ಸುತ್ತ ಬರೀ ಕಲ್ಲು ನೆಟ್ಟ ಖಾಲಿ ಪ್ಲಾಟುಗಳು. ಒಂದು ಮಧ್ಯಾಹ್ನ ಬಾಗಿಲು ಮುಚ್ಚಿ ಅವನು ಕಣ ಕಟ್ಟಿದ. ದೇವರ ಕೋಣೆಯ ಗಂಟೆ ಎತ್ತಿನ ಕೊರಳಿನ ಸದ್ದು ಕೊಡಲಿಲ್ಲ, ಪೇಟೆಗೆ ಹೋಗಿ ಗೆಜ್ಜೆಸರ ತಂದ. ಅದನ್ನು ಎಡಗಾಲಿಗೆ ಕಟ್ಟಿಕೊಂಡು, ನೊಣ ಕಚ್ಚಿದ ಎತ್ತು ಕಾಲು ಒದರುವ ಹಾಗೆ ಆಗಾಗ ಒದರಿದ. ನೆಲದ ಮೇಲೆ ಕಣಿಕೆ, ಒಣಗಿದ ಜೋಳದ ದಂಟು, ಹಾಸಿ ತುಳಿದ. ಎಣ್ಣೆ ಡಬ್ಬಿಗೆ ಮನೆಯ ಜೋಳ ತುಂಬಿ ಸುರಿದು ನೋಡಿದ. ಡಬ್ಬಿಯ ಸದ್ದು ಗೋಡೆಗೆ ಬಡಿದು ಮರಳಿ ಬರುತ್ತಿತ್ತು, ಕಣಕ್ಕೆ ಗೋಡೆ ಎಲ್ಲಿಯದು? ಸುತ್ತ ಹಾಸಿಗೆ, ಕೌದಿ, ಮುರಿಗೆವ್ವನ ಇಳಕಲ್ ಸೀರೆ ತೂಗುಹಾಕಿದ ಮೇಲೆ ಸದ್ದು ಬಯಲಿನದಾಯಿತು. ಕಣಿಕೆಯ ಧೂಳಿಗೆ ಸೀನು ಬಂತು, ಅದನ್ನು ತಡೆದು ಕೆಮ್ಮು ಮಾಡಿಕೊಂಡ. ಕೆಮ್ಮಿ ಸತ್ತವನ ಪಾತ್ರಕ್ಕೆ ಅದು ಹೇಳಿ ಮಾಡಿಸಿದ ಹಾಗೆ ಹೊಂದಿಕೊಂಡಿತು.

ಎಲ್ಲ ಕೂಡಿಬಂದಾಗ ಪಕ್ಕದ ಪ್ಲಾಟಿನ ತಗ್ಗಿನಲ್ಲಿ ಒಂದು ಕಪ್ಪೆ ವಟಗುಟ್ಟಿತು. ದಡ್ಡನಾದವನು ಬಿಡು ಅಂದುಕೊಂಡು ಮುಂದುವರಿಸುತ್ತಿದ್ದ. ಬಸಲಿಂಗಯ್ಯ ಕೈ ನಿಲ್ಲಿಸಿದ. ಸುಗ್ಗಿಯ ಬಿಸಿಲಿನಲ್ಲಿ ಕಪ್ಪೆ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ ಕತೆ ಮುಗಿಯಿತು. ಕಾಲಿನ ಗೆಜ್ಜೆ ಬಿಚ್ಚುವುದನ್ನೂ ಮರೆತು ಕೋಲು ಹಿಡಿದುಕೊಂಡು ಹೋಗಿ ಕಪ್ಪೆಯನ್ನು ಅಟ್ಟಿ ಬಂದ. ಅಥಣಿ ಕಡೆಗೆ ಹೊರಟ ಲಾರಿಯ ಡ್ರೈವರ್ ಗಾಡಿ ನಿಧಾನ ಮಾಡಿ ಇವನನ್ನು ನೋಡಿ ಹೋದ.

ಕೊನೆಗೆ ಟೇಪು ಸುತ್ತಿತು. ಗೆಜ್ಜೆ, ಗಾಳಿ, ಕೆಮ್ಮು, ಡಬ್ಬಿಯಿಂದ ಚೀಲಕ್ಕೆ ಸುರಿಯುವ ಜೋಳ, ಮುದುಕನ ಎಣಿಕೆ. ಸಮಿತಿಯವರಿಗೆ ಕನ್ನಡ ಬಾರದಿದ್ದರೂ ತಿಳಿಯಲಿ ಎಂದು ಎಣಿಕೆಯನ್ನು ಬಿಡಿಬಿಡಿಯಾಗಿ ಹೇಳಿದ. ಮುಗಿದ ಮೇಲೆ ಕೂತು ಕೇಳಿದ. ಎಷ್ಟು ಖರೆ ಅನಿಸಿತೆಂದರೆ, ಆ ಮುದುಕ ಒಬ್ಬನೇ ಇಷ್ಟು ದುಡಿದು ಇಷ್ಟು ಜೋಳ ಯಾರಿಗೆ ಬಿಟ್ಟು ಹೋದನೋ ಎಂದು ಅವನ ಕಣ್ಣಲ್ಲಿ ನೀರು ಬಂತು. ಆಮೇಲೆ ಆ ಜೋಳವನ್ನು ಮರಳಿ ಡಬ್ಬಿಗೆ ತುಂಬಿಟ್ಟ, ಮುರಿಗೆವ್ವ ಬಂದರೆ ಕೇಳುತ್ತಾಳೆ.

ಸಮಿತಿಯ ಮುಖ್ಯಸ್ಥೆ ಡಾಕ್ಟರ್ ಅಬೇದಾ ಬಾನು, ಲಖನೌ ಕಡೆಯವರು, ಮುಂಬಯಿಯ ಕಂಪ್ಯೂಟರಿನ ಸಂಗಡ ಮನೆಯವರಿಗಿಂತ ಹೆಚ್ಚು ಮಾತಾಡುವವರೆಂದು ಹೆಸರಾಗಿದ್ದರು. ಎಮರ್ಜೆನ್ಸಿಯ ದೆಸೆಯಿಂದ ರೈಲು ವೇಳೆಗೆ ಸರಿಯಾಗಿ ಬಂದು ಸ್ವಾಗತಕ್ಕೆ ಹೊರಟವರೆಲ್ಲ ಹಾರ ಹಿಡಿದು ಓಡಬೇಕಾಯಿತು. ರೈತರನ್ನು ಅವರ ಊರಿನಲ್ಲೇ ನೋಡುತ್ತೇನೆ ಎಂದು ಅವರು ಹಟ ಹಿಡಿದದ್ದರಿಂದ ಸಭೆ ಬಬಲೇಶ್ವರದ ಶಾಲೆಯಲ್ಲಿ ಗೊತ್ತಾಯಿತು. ಬಸಲಿಂಗಯ್ಯನಿಗೆ ಇದೂ ಅನುಕೂಲವೇ. ಟಿಕೋಟದವರು ಯಾರೂ ಅಲ್ಲಿ ಇರುವುದಿಲ್ಲ, ಯಲಗೂರಪ್ಪನ ದನಿ ಹೀಗಿರಲಿಲ್ಲ ಅನ್ನುವ ಕಿವಿ ಇರುವುದಿಲ್ಲ. ಮೇಡಮ್ಮರಿಗೆ ಕನ್ನಡ ಬರುವುದಿಲ್ಲ, ಹಳ್ಳಿಗರಿಗೆ ಇಂಗ್ಲಿಷ್ ಬರುವುದಿಲ್ಲ. ನಡುವೆ ದುಭಾಷಿಯಾಗಿ ತಾನೇ ನಿಲ್ಲುತ್ತೇನೆಂದು ಮುಂಚೆಯೇ ಈರಯ್ಯನವರಿಗೆ ಹೇಳಿ ಒಪ್ಪಿಸಿದ್ದ. ಎರಡೂ ಕಡೆಯ ಬಾಗಿಲ ಕೀಲಿ ಅವನ ಬಾಯಲ್ಲಿತ್ತು.

ಶಾಲೆಯ ದೊಡ್ಡ ಕೋಣೆಯಲ್ಲಿ ಜಮಖಾನೆ ಹಾಸಿ ಊರವರೆಲ್ಲ ಕೂತಿದ್ದರು. ಬಾಗಿಲ ಹತ್ತಿರ ಹೆಂಗಸರ ಗುಂಪಿನಲ್ಲಿ ಮುರಿಗೆವ್ವನೂ ನಿಂತಿದ್ದಳು, ಕೋಟು ಹಾಕಿದ ಗಂಡನನ್ನು ತವರಿನವರಿಗೆ ತೋರಿಸಲು. ಮೊದಲು ಅಮೋಘಿ ಎದ್ದು ಹರುಕುಮುರುಕು ಇಂಗ್ಲಿಷಿನಲ್ಲಿ ತನ್ನ ಮೂರು ಸುಗ್ಗಿಯ ಕತೆ ಹೇಳಿದ. ಮೇಡಮ್ ನೇರವಾಗಿ ರೈತರನ್ನೇ ಕೇಳಿದರು, ಈ ಅಳತೆಯನ್ನು ಎಷ್ಟರಮಟ್ಟಿಗೆ ನಂಬಬಹುದು?

ಮುಂದಿನ ಸಾಲಿನ ಹುಚ್ಚವ್ವ ಸೆರಗು ಸರಿಮಾಡಿಕೊಂಡು ಎದ್ದಳು. ಮುದುಕಿ, ಗಂಡ ಹೋದ ಮೇಲೆ ಹೊಲ ತಾನೇ ನಡೆಸುವವಳು. "ಏಯವ್ವಾ, ನಮ್ಮ ಕೈಯ್ಯಾರೆ ಅಳದದ್ದು" ಎಂದಳು. "ದೇವರ ಮುಂದ ಅಳದದ್ದು. ಒಂದ ಕಾಳು ಹೆಚ್ಚು ಕಮ್ಮಿ ಆಗಾಂಗಿಲ್ಲ."

ಬಸಲಿಂಗಯ್ಯ ಇಂಗ್ಲಿಷಿಗೆ ತಿರುಗಿಸಿದ: ಕೈ ಅಳತೆಯಂತೆ, ದೇವರ ದಯೆಯಂತೆ, ಹೆಚ್ಚುಕಮ್ಮಿ ಇರುತ್ತದಂತೆ.

ಕೈ, ದೇವರು, ಹೆಚ್ಚುಕಮ್ಮಿ ಎಲ್ಲ ಮುದುಕಿಯ ಮಾತುಗಳೇ, ಅವನು ಅವನ್ನು ಬೇರೆ ರೀತಿ ಜೋಡಿಸಿದ್ದ. ಮೇಡಮ್ಮರ ಹುಬ್ಬು ಗಂಟಾಯಿತು. ಅಮೋಘಿಗೆ ಇಂಗ್ಲಿಷ್ ಅಷ್ಟಾದರೂ ತಿಳಿಯುತ್ತಿತ್ತು. ಅವನು ತಲೆಯೆತ್ತಿ ಬಸಲಿಂಗಯ್ಯನನ್ನು ನೋಡಿದ, ಏನೋ ಹೇಳಲು ಹೋಗಿ ಇಂಗ್ಲಿಷ್ ಸಿಗದೆ ಕೂತುಬಿಟ್ಟ. ಮೂರು ವರ್ಷದ ಬಿಸಿಲು ಆ ಒಂದು ಗಳಿಗೆಯಲ್ಲಿ ಅವನ ಮುಖದಿಂದ ಇಳಿದುಹೋಯಿತು. ಬಸಲಿಂಗಯ್ಯನಿಗೆ ಒಳಗೆ ಎಲ್ಲೋ ಚುರ್ ಅಂದಿತು. ಆದರೆ ಮುಂಬಯಿಯ ಕೋಣೆಯ ಬಾಗಿಲು ಈಗ ಎದುರಿಗೇ ಕಾಣುತ್ತಿತ್ತು, ಚುರ್ ಅಂದದ್ದನ್ನು ಅಲ್ಲೇ ಒತ್ತಿ ಕೂಡಿಸಿದ.

ಅವನ ಸರದಿ ಬಂತು. ಟೇಪ್ ರೆಕಾರ್ಡರನ್ನು ಮೇಜಿನ ಮೇಲಿಟ್ಟು, ಅದರ ಮೇಲೆ ಕೈ ಊರಿ, ಮೊದಲು ಇಂಗ್ಲಿಷಿನಲ್ಲಿ ಆಮೇಲೆ ಕನ್ನಡದಲ್ಲಿ ಹೇಳಿದ. ತನ್ನ ಸಾಕ್ಷಿ ಇವತ್ತು ಇಲ್ಲಿಗೆ ಬರಬೇಕಾಗಿತ್ತು. ಬರಲಾರ. ಟಿಕೋಟದ ಯಲಗೂರಪ್ಪ ಎಂಬ ಹೊಲ ಉಳುವ ಬಡ ಒಕ್ಕಲಿಗ, ವಿಜ್ಞಾನಕ್ಕಾಗಿ ತನ್ನ ರಾಶಿಯನ್ನು ಅಳೆದು ತೋರಿಸಿದವನು, ಬೇಸಿಗೆಯಲ್ಲಿ ಶಿವನ ಪಾದ ಸೇರಿದ. ಅವನ ದನಿ ಮಾತ್ರ ಉಳಿದಿದೆ. ಹೇಳುತ್ತ ಹೇಳುತ್ತ ಅವನು ಕೋಟಿನ ತೋಳಿನಿಂದ ಕಣ್ಣು ಒರೆಸಿಕೊಂಡ. ಅಬೇದಾ ಬಾನು ಎದ್ದು ನಿಂತರು, ಹಿಂದೆಯೇ ಇಡೀ ಶಾಲೆ ಎದ್ದು ನಿಂತಿತು. ಸತ್ತವನಿಗಾಗಿ ಎಲ್ಲರೂ ತಲೆ ಬಾಗಿಸಿ ಮೌನ ಮಾಡಿದರು. ಬಸಲಿಂಗಯ್ಯನೂ ಕಣ್ಣು ಮುಚ್ಚಿ ನಿಂತ, ಯಲಗೂರಪ್ಪನ ಆತ್ಮಕ್ಕೆ ಶಾಂತಿ ಸಿಗಲೆಂದು ಮನಸ್ಸಿನಲ್ಲೇ ಕೇಳಿಕೊಂಡ. ಎಲ್ಲರೂ ಕೂತ ಮೇಲೆ, ಆ ಮೌನ ಇನ್ನೂ ಹಾಗೇ ಇರುವಾಗಲೇ, ಟೇಪಿನ ಗುಂಡಿ ಒತ್ತಿದ. ಗೆಜ್ಜೆ ಆಡಿತು, ಗಾಳಿ ಬೀಸಿತು, ಮುದುಕ ಕೆಮ್ಮಿದ. ಯಾರೋ ಲೊಚಗುಟ್ಟಿದರು. ಬಾಗಿಲ ಹತ್ತಿರ ಮುರಿಗೆವ್ವ ಆ ಕೆಮ್ಮು ಕೇಳಿ ಕತ್ತು ಮುಂದೆ ಚಾಚಿದಳು. ಮೇಡಮ್ ಕಣ್ಣರಳಿಸಿ ಕೇಳುತ್ತಿದ್ದರು, ಮುಂಬಯಿ ಇನ್ನು ಗೇಣು ದೂರದಲ್ಲಿತ್ತು.

ಡಬ್ಬಿಯಿಂದ ಚೀಲಕ್ಕೆ ಮೊದಲ ಸಲ ಜೋಳ ಗೊರ್ ಎಂದು ಸುರಿಯಿತು, ಟೇಪಿನ ಮುದುಕ ಬಿಡಿಸಿ ಸ್ಪಷ್ಟವಾಗಿ "ಒಂದು" ಎಂದ. ಅದೇ ಹೊತ್ತಿಗೆ, ಯಾರೂ ಹೇಳಿಕೊಡದೆ, ಜಮಖಾನೆಯ ಮೇಲಿನ ಅಷ್ಟೂ ಬಾಯಿಗಳು ರೂಢಿಯ ಹಾಗೆ ತಮ್ಮಷ್ಟಕ್ಕೆ "ಲಾಭ" ಎಂದವು. ಅಮೋಘಿಯ ಬಾಯಿ ಅಂದಿತು, ಮುರಿಗೆವ್ವನ ಬಾಯಿ ಅಂದಿತು. ಈ ಸೀಮೆಯಲ್ಲಿ ಉಳುವವನು, ಅವನ ಮಗ, ಮೊಮ್ಮಗ, ಯಾರೇ ಆಗಲಿ ರಾಶಿಯ ಮೊದಲ ಅಳತೆಗೆ ಒಂದು ಅನ್ನುವುದಿಲ್ಲ. ಒಂದು ಅಂದರೆ ರಾಶಿ ಒಂದಕ್ಕೇ ನಿಂತೀತು ಎಂದು ಅಂಜಿ ಲಾಭ ಅನ್ನುತ್ತಾರೆ, ಎಣಿಕೆಯ ಹೆಸರು ಬರುವುದು ಎರಡರಿಂದ. ಟೇಪು "ಎರಡು" ಎಂದಾಗ ಜೊತೆಗೆ ಯಾರೂ ಅನ್ನಲಿಲ್ಲ, ಎಲ್ಲರೂ ಬಸಲಿಂಗಯ್ಯನ ಮುಖ ನೋಡುತ್ತಿದ್ದರು. ಅಬೇದಾ ಬಾನು ಕೈಯೆತ್ತಿ ಟೇಪು ನಿಲ್ಲಿಸಿ, ಇವರೆಲ್ಲ ಏನಂದರು, ಆ ಮುದುಕ ಬೇರೆ ಯಾಕೆ ಅಂದ, ಇಂಗ್ಲಿಷಿನಲ್ಲಿ ಹೇಳಿ ಎಂದರು. ದುಭಾಷಿ ಬಾಯಿ ತೆರೆದ, ಎರಡೂ ಭಾಷೆಯಲ್ಲಿ ಅವನಿಗೆ ಒಂದು ಶಬ್ದವೂ ಸಿಗಲಿಲ್ಲ. ಹುಚ್ಚವ್ವ ಮಾತ್ರ ಕೂತಲ್ಲಿಂದಲೇ, ಬೈಯುವ ದನಿಯಲ್ಲೂ ಅಲ್ಲ, ಮರುಗುವ ದನಿಯಲ್ಲಿ ಹೇಳಿದಳು: "ಯಪ್ಪಾ ಮಾಸ್ತರ, ಒಕ್ಕಲಿಗ ಸತ್ತ ಮ್ಯಾಲ ಸೈತ ಲಾಭ ಬಿಡಾಂವಲ್ಲೋ."